ಮಣ್ಣೇ ಹಡಗು ಹತ್ತಿದ ಊರು

ಸುವಾ, ಫಿಜಿ
ಡಿಸೆಂಬರ್ 28

ಪ್ರೀತಿಯ ಅಜ್ಜಿ, ಅಪ್ಪ, ಅಮ್ಮ,

ಎಲ್ಲರಿಗೂ ನಮಸ್ಕಾರ. ನಾನು ಆರೋಗ್ಯವಾಗಿದ್ದೇನೆ. ಇಲ್ಲೀಗ ಮಳೆಗಾಲ, ಜೊತೆಗೆ ಬಿರುಗಾಳಿಯ ಕಾಲ. ಸುವಾದ ಮಳೆ ನೋಡಿದರೆ ನಮ್ಮೂರ ಆಷಾಢ ನೆನಪಾಗುತ್ತದೆ. ಬಟ್ಟೆ ಒಣಗುವುದಿಲ್ಲ, ಡಬ್ಬಿಯಲ್ಲಿ ಉಪ್ಪು ನೀರೊಡೆಯುತ್ತದೆ. ಅಮ್ಮ ಕಟ್ಟಿಕೊಟ್ಟ ಅಪ್ಪೆಮಿಡಿ ಮಾತ್ರ ಇನ್ನೂ ಚೆನ್ನಾಗಿದೆ.

ಅಜ್ಜಿ, ಹೋದ ವಾರ ಫೋನ್ ಮಾಡಿದಾಗ ನೀನು ಕೇಳಿದೆ, "ಅಷ್ಟು ದೂರದ ದ್ವೀಪಕ್ಕೆ ಹೋಗಿ ಏನು ನೋಡಿ ಬಂದೆ?" ಅಂತ. ಉತ್ತರ ಕೊಡುವಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಸಿಕ್ಕಾಗ ಮಾತು ಅಡಿಕೆ ರೇಟಿನ ಕಡೆ ಹೋಯಿತು. ಆದರೆ ಅಲ್ಲಿಂದ ಬಂದ ಮೇಲೆ ನಿನ್ನ ನೆನಪು ಜಾಸ್ತಿಯಾಗಿದೆ. ಅದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವೂ ಅಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಮ್ಮ, ಇದನ್ನು ಅಜ್ಜಿಗೆ ನಿಧಾನವಾಗಿ ಓದಿ ಹೇಳು. ಎರಡು ಮೂರು ದಿನ ಹಿಡಿದರೂ ಪರವಾಗಿಲ್ಲ.

ನಾನು ಹೋಗಿದ್ದ ದ್ವೀಪದ ಹೆಸರು ರಂಬಿ. ಇಂಗ್ಲಿಷಿನಲ್ಲಿ ‘ರಬಿ’ ಅಂತ ಬರೆಯುತ್ತಾರೆ, ಆದರೆ ಫಿಜಿ ಭಾಷೆಯಲ್ಲಿ ‘ಬ’ ಬಂದಲ್ಲಿ ಅದರ ಹಿಂದೆ ಮೂಗಿನ ಸದ್ದು ಸೇರಿಕೊಳ್ಳುತ್ತದೆ. ‘ದ’ಗೂ ಹಾಗೇ. ನಾನು ವಿಮಾನ ಇಳಿದ ಊರು ನಾಂದಿ, ಕಬ್ಬು ಬೆಳೆಯುವ ಊರು ಲಂಬಾಸಾ. ನಮ್ಮ ಲಿಪಿಯಲ್ಲಿ ಕಿವಿಗೆ ಬಿದ್ದ ಹಾಗೇ ಬರೆಯಬಹುದು, ಅದೊಂದು ಸುಖ.

ರಂಬಿಯ ಕಥೆ ಹೇಳುವ ಮೊದಲು ನನ್ನ ಮನೆ ಮಾಲೀಕರ ಕಥೆ ಹೇಳಬೇಕು. ಅವರು ಭಾರತದ ಮೂಲದವರೇ. ಅವರ ಮುತ್ತಜ್ಜ ಮದ್ರಾಸಿನಲ್ಲಿ ಹಡಗು ಹತ್ತಿ ಬಂದವರು. ಮನೆಯಲ್ಲಿ ಮಾತಾಡುವುದು ಫಿಜಿ ಹಿಂದಿ. ಅಪ್ಪನ ಅಮ್ಮನನ್ನು ‘ಆಜಿ’ ಅನ್ನುತ್ತಾರೆ. ಮೊದಲ ದಿನ ಆ ಮನೆಯ ಮಗು "ಆಜಿ" ಅಂತ ಕೂಗಿದಾಗ ನಾನು ತಿರುಗಿ ನೋಡಿದೆ, ನೀನೇ ಬಂದೆಯೇನೋ ಅನ್ನಿಸಿತು.

ಬ್ರಿಟಿಷರು ಫಿಜಿಯನ್ನು ತೆಗೆದುಕೊಂಡಿದ್ದು 1874ರ ಅಕ್ಟೋಬರ್ 10ರಂದು. ಲೆವುಕಾ ಅನ್ನುವ ಸಣ್ಣ ಬಂದರಿನಲ್ಲಿ ಥಾಕೊಂಬಾವ್ ಮತ್ತು ಉಳಿದ ಮುಖಂಡರು ಪತ್ರಕ್ಕೆ ಸಹಿ ಹಾಕಿದರು. ಮರು ವರ್ಷವೇ ದಡಾರ ಬಂತು. ಹೊರಗಿನಿಂದ ಹಡಗಿನಲ್ಲಿ ಬಂದ ರೋಗ. ಸುಮಾರು 40 ಸಾವಿರ ಜನ ಸತ್ತರು. ಆಗ ಇಲ್ಲಿದ್ದ ಜನಸಂಖ್ಯೆಯಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಅಲ್ಲ. ಒಂದೊಂದು ಹಳ್ಳಿಯಲ್ಲಿ ಹೂಳುವುದಕ್ಕೂ ಜನ ಉಳಿಯಲಿಲ್ಲ ಅಂತ ಹೇಳುತ್ತಾರೆ.

ಆಮೇಲೆ ಆರ್ಥರ್ ಗಾರ್ಡನ್ ಅನ್ನುವ ಗವರ್ನರ್ ಬಂದ. ಅವನು ಮಾಡಿದ ಒಂದು ಕೆಲಸದಿಂದ ಇವತ್ತಿಗೂ ಫಿಜಿಯ ನೆಲ ಫಿಜಿಯವರ ಕೈಯಲ್ಲಿದೆ. ಇಲ್ಲಿನ ಮೂಲದವರು ತಮ್ಮನ್ನು ಇತೌಕೇ ಅಂದುಕೊಳ್ಳುತ್ತಾರೆ. ಅವರ ಪೂರ್ವಿಕರು ಸುಮಾರು 3,000 ವರ್ಷದ ಹಿಂದೆ ನಕ್ಷತ್ರ, ಅಲೆ, ಹಕ್ಕಿಗಳ ದಾರಿ ನೋಡಿಕೊಂಡು ದೋಣಿಯಲ್ಲಿ ಬಂದವರು. ಅವರ ಕುಲದ ಜಮೀನನ್ನು ಹೊರಗಿನವರು ಕೊಳ್ಳುವ ಹಾಗಿಲ್ಲ ಅಂತ ಗಾರ್ಡನ್ ನಿಯಮ ಮಾಡಿದ. ಇವತ್ತಿಗೂ ನೂರರಲ್ಲಿ ಎಂಬತ್ತಕ್ಕಿಂತ ಹೆಚ್ಚು ಪಾಲು ನೆಲ ಅವರದೇ. ಮಾರುವ ಹಾಗಿಲ್ಲ, ಗುತ್ತಿಗೆಗೆ ಮಾತ್ರ ಕೊಡಬಹುದು. ನನಗೆ ಇದನ್ನು ಮೊದಲು ಕೇಳಿದಾಗ ತುಂಬಾ ಸಂತೋಷವಾಯಿತು. ಪೆಸಿಫಿಕ್‌ನ ಬೇರೆ ಎಷ್ಟೋ ದ್ವೀಪಗಳಲ್ಲಿ ಹೀಗಾಗಲಿಲ್ಲ.

ಆದರೆ ಸರ್ಕಾರ ನಡೆಸುವುದಕ್ಕೆ ದುಡ್ಡು ಬೇಕಲ್ವಾ? ದುಡ್ಡು ಬರಬೇಕಾದರೆ ಕಬ್ಬು ಬೆಳೆಯಬೇಕು, ಕಬ್ಬಿಗೆ ಆಳು ಬೇಕು. ಫಿಜಿಯವರನ್ನು ಹಳ್ಳಿ ಬಿಡಿಸಿ ಕೂಲಿಗೆ ಹಚ್ಚಬಾರದು ಅಂತ ಗಾರ್ಡನ್‌ನ ಹಟ. ಅವನು ಮೊದಲು ಮಾರಿಷಸ್, ಟ್ರಿನಿಡಾಡ್‌ಗಳಲ್ಲಿ ಗವರ್ನರ್ ಆಗಿದ್ದವನು. ಅಲ್ಲಿ ಭಾರತದ ಕೂಲಿಗಳನ್ನು ನೋಡಿದ್ದ. ಹಾಗಾಗಿ 1879ರ ಮೇ 14ರಂದು ‘ಲಿಯೊನಿದಾಸ್’ ಅನ್ನುವ ಹಡಗು ಕಲ್ಕತ್ತೆಯಿಂದ ಇಲ್ಲಿಗೆ ಬಂತು. 1916ರವರೆಗೆ ಒಟ್ಟು 60 ಸಾವಿರಕ್ಕೂ ಹೆಚ್ಚು ಜನ ಬಂದರು. 1903ರಿಂದ ಮದ್ರಾಸಿನಿಂದಲೂ ಹಡಗು ಹೊರಟವು. ಐದು ವರ್ಷದ ಅಗ್ರಿಮೆಂಟು. ಆ ಮಾತು ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು, ಅವರು ಗಿರ್ಮಿಟಿಯಾಗಳಾದರು. ಹುಬ್ಬಳ್ಳಿಯಲ್ಲಿ ನಾವು ಗಿರ್ಮಿಟ್ ಅಂತ ಮಂಡಕ್ಕಿ ತಿಂದಿದ್ದು ನೆನಪಿದೆಯಾ ಅಪ್ಪ? ಇಲ್ಲಿ ಆ ಪದ ಹೇಳುವಾಗ ಜನರ ದನಿ ಸಣ್ಣದಾಗುತ್ತದೆ. 2023ರಿಂದ ಮೇ ತಿಂಗಳಲ್ಲಿ ಗಿರ್ಮಿಟ್ ದಿನಕ್ಕೆ ಸರ್ಕಾರಿ ರಜೆ ಕೊಡುತ್ತಿದ್ದಾರೆ.

ನಮ್ಮ ಮನೆ ಮಾಲೀಕರ ಕುಟುಂಬ ಮೂರು ತಲೆಮಾರು ಲಂಬಾಸಾದಲ್ಲಿ ಕಬ್ಬು ಬೆಳೆಯಿತು. ನೆಲ ಗುತ್ತಿಗೆಯದು. ಕಾನೂನಿನ ಪ್ರಕಾರ 30 ವರ್ಷದ ಗುತ್ತಿಗೆ. 1997ರಿಂದ ಅಂಥ ಗುತ್ತಿಗೆಗಳ ಅವಧಿ ಒಂದೊಂದಾಗಿ ಮುಗಿಯುತ್ತಾ ಬಂತು. ಎಷ್ಟೋ ಮನೆಗಳಿಗೆ ಮತ್ತೆ ಬರೆದುಕೊಡಲಿಲ್ಲ. ಇವರೂ ಮನೆಯ ತಗಡು, ಕಿಟಕಿ ಬಿಚ್ಚಿಕೊಂಡು ಸುವಾಕ್ಕೆ ಬಂದರು. "ಅವರ ನೆಲ, ಅವರು ವಾಪಸ್ ತಗೊಂಡರು. ತಪ್ಪು ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೆ ಬಾವಿ ತೋಡಿದ್ದು ನಮ್ಮ ಆಜಾ" ಅಂದರು ಆ ಮನೆಯಾಕೆ. ಆಜಾ ಅಂದರೆ ಅಜ್ಜ. ಅಷ್ಟು ಹೇಳಿ ಒಳಗೆ ಹೋದರು. ನಾನು ಆ ದಿನ ರಾತ್ರಿ ತುಂಬಾ ಹೊತ್ತು ಅದನ್ನೇ ಯೋಚಿಸುತ್ತಿದ್ದೆ. ಒಬ್ಬರ ನೆಲ ಉಳಿಸುವುದಕ್ಕೆ ಇನ್ನೊಬ್ಬರನ್ನು ಅವರ ನೆಲದಿಂದ ಕಿತ್ತು ತಂದರು. ತಂದವರು ಹೊರಟುಹೋದರು. ಈಗ ಈ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬದುಕಬೇಕು.

ಇನ್ನು ರಂಬಿ. ನನ್ನ ಜೊತೆ ನೀರಿನ ಪ್ರಾಜೆಕ್ಟಿನಲ್ಲಿ ಕೆಲಸ ಮಾಡುವ ಗೆಳತಿಯೊಬ್ಬಳು ಅಲ್ಲಿಯವಳು. ಡಿಸೆಂಬರ್ 15 ಅವರಿಗೆ ದೊಡ್ಡ ದಿನ. "ನಮ್ಮೂರಿಗೆ ಬಾ, ನಮ್ಮ ಟ್ಯಾಂಕುಗಳನ್ನೂ ನೋಡಿದ ಹಾಗಾಗುತ್ತದೆ" ಅಂದಳು. ಅಲ್ಲಿಗೆ ಹೋಗಬೇಕಾದರೆ ಅವರ ದ್ವೀಪದ ಕೌನ್ಸಿಲ್ಲಿನ ಅನುಮತಿ ಬೇಕು. ಅದನ್ನು ಅವಳೇ ತೆಗೆದುಕೊಟ್ಟಳು. ಸಂಜೆ ಸುವಾದಲ್ಲಿ ಹಡಗು ಹತ್ತಿದರೆ ಬೆಳಿಗ್ಗೆ ಸವುಸವು. ಅಲ್ಲಿಂದ ಸಮುದ್ರದ ಪಕ್ಕದ ಮಣ್ಣು ರಸ್ತೆಯಲ್ಲಿ ಗಂಟೆಗಟ್ಟಲೆ ಬಸ್ಸು, ಕರೋಕೋ ಅನ್ನುವ ಕಡೆ ಇಳಿದು ಫೈಬರ್ ದೋಣಿ. ನನ್ನ ಹೊಟ್ಟೆಯೆಲ್ಲ ಕಲಸಿಹೋಗಿತ್ತು. ದೋಣಿಯಿಂದ ನೋಡಿದರೆ ರಂಬಿ ಹಸಿರು ಗುಡ್ಡಗಳ ದ್ವೀಪ, ಮೇಲೆ ಮೋಡ, ಕೆಳಗೆ ತೆಂಗು. ಕರಾವಳಿ ಮತ್ತು ಮಲೆನಾಡು ಎರಡನ್ನೂ ಒಂದೇ ಕಡೆ ಇಟ್ಟ ಹಾಗೆ.

ದಡದಲ್ಲಿ ಇಳಿದಾಗ ಯಾರೂ "ಬುಲಾ" ಅನ್ನಲಿಲ್ಲ. ಫಿಜಿಯಲ್ಲಿ ಎಲ್ಲಿ ಹೋದರೂ ನಮಸ್ಕಾರಕ್ಕೆ ಬುಲಾ ಅನ್ನುತ್ತಾರೆ. ಇಲ್ಲಿ "ಮೌರಿ" ಅಂದರು. ಭಾಷೆಯೇ ಬೇರೆ, ಕಿರಿಬಾಸ್ ದ್ವೀಪಗಳ ಭಾಷೆ. ಯಾಕೆಂದರೆ ಇವರ ಊರು ಇದಲ್ಲ ಅಜ್ಜಿ. ಇವರ ಊರಿನ ಹೆಸರು ಬನಾಬಾ. ಇಲ್ಲಿಂದ 2,000 ಕಿಲೋಮೀಟರಿಗೂ ದೂರ, ಭೂಮಧ್ಯರೇಖೆಯ ಹತ್ತಿರ, ಸಮುದ್ರದ ಮಧ್ಯೆ ಒಂಟಿಯಾಗಿ ನಿಂತ ಒಂದು ಪುಟ್ಟ ದ್ವೀಪ. ಎಷ್ಟು ಪುಟ್ಟದು ಅಂದರೆ ಅದರ ವಿಸ್ತೀರ್ಣ 6 ಚದರ ಕಿಲೋಮೀಟರು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಸುತ್ತಿ ಬರಬಹುದು.

ಅಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಮಳೆ ಬಂದರೆ ಬಂತು, ಇಲ್ಲದಿದ್ದರೆ ವರ್ಷಗಟ್ಟಲೆ ಬರ. 1870ರ ದಶಕದಲ್ಲಿ ಅಂಥ ಒಂದು ಬರದಲ್ಲಿ ದ್ವೀಪದ ಹೆಚ್ಚಿನವರು ಸತ್ತರು, ಇಲ್ಲವೇ ಹಡಗು ಹತ್ತಿ ಹೋದರು. ಉಳಿದವರನ್ನು ಬದುಕಿಸಿದ್ದು ನೆಲದೊಳಗಿನ ಗುಹೆಗಳು. ಅವಕ್ಕೆ ‘ಬಂಗಬಂಗ’ ಅನ್ನುತ್ತಾರೆ. ಹವಳದ ಕಲ್ಲಿನ ಸಂದಿಗಳಲ್ಲಿ ಸಿಹಿನೀರು ಇಂಗಿ ಕೂತಿರುತ್ತದೆ. ಆ ಗುಹೆಗಳೊಳಗೆ ಹೆಂಗಸರು ಮಾತ್ರ ಇಳಿಯಬೇಕು, ಗಂಡಸರಿಗೆ ಪ್ರವೇಶವಿಲ್ಲ. ಕತ್ತಲಲ್ಲಿ ತೆವಳಿಕೊಂಡು ಹೋಗಿ, ತೆಂಗಿನ ಚಿಪ್ಪಿನಲ್ಲಿ ನೀರು ತುಂಬಿ ತರುತ್ತಿದ್ದರು. ಯಾವ ಗುಹೆ ಯಾವ ಮನೆಗೆ, ಎಷ್ಟು ಚಿಪ್ಪು ತೆಗೆಯಬೇಕು, ಎಲ್ಲ ಲೆಕ್ಕ ಹೆಂಗಸರ ತಲೆಯಲ್ಲೇ. ನಾನು ಕಾಲೇಜಿನಲ್ಲಿ ನೀರಿನ ಎಂಜಿನಿಯರಿಂಗ್ ಓದಿದವಳು. ಇಷ್ಟು ಚೆನ್ನಾದ ನೀರಿನ ವ್ಯವಸ್ಥೆಯ ಬಗ್ಗೆ ನನಗೆ ಯಾವ ಪಾಠದಲ್ಲೂ ಹೇಳಿರಲಿಲ್ಲ.

ಈಗ ಅಪ್ಪ, ನೀವು ಕೇಳಬೇಕಾದ ಭಾಗ ಬಂತು. ತೋಟಕ್ಕೆ ನೀವು ರಾಕ್ ಫಾಸ್ಫೇಟ್ ಹಾಕುತ್ತೀರಲ್ಲ, ಅದೇ ವಸ್ತು. ಸಿಡ್ನಿಯ ಒಂದು ಕಂಪನಿಯ ಆಫೀಸಿನಲ್ಲಿ ಬಾಗಿಲು ಮುಚ್ಚಿಕೊಳ್ಳದಿರಲಿ ಅಂತ ಒಂದು ಕಲ್ಲು ಇಟ್ಟಿದ್ದರು. ನೌರು ದ್ವೀಪದಿಂದ ಯಾರೋ ತಂದ ಕಲ್ಲು. ಆಲ್ಬರ್ಟ್ ಎಲ್ಲಿಸ್ ಅನ್ನುವ ನೌಕರನಿಗೆ ಅನುಮಾನ ಬಂದು, 1899ರಲ್ಲಿ ಅದನ್ನು ಪರೀಕ್ಷೆ ಮಾಡಿದ. ಉತ್ತಮ ದರ್ಜೆಯ ಫಾಸ್ಫೇಟ್! ನೌರು ಆಗ ಜರ್ಮನ್ನರ ಕೈಯಲ್ಲಿತ್ತು. ಹತ್ತಿರದ ಬನಾಬಾದಲ್ಲೂ ಅದೇ ಕಲ್ಲು ಇರಬಹುದು ಅಂತ ಎಲ್ಲಿಸ್ 1900ರ ಮೇ 3ರಂದು ಅಲ್ಲಿಗೆ ಬಂದು ಇಳಿದ. ಇಡೀ ದ್ವೀಪವೇ ಫಾಸ್ಫೇಟ್. ಸಾವಿರಾರು ವರ್ಷ ಕಡಲಹಕ್ಕಿಗಳು ಹಾಕಿದ ಹಿಕ್ಕೆ ಹವಳದ ಕಲ್ಲಿನ ಜೊತೆ ಸೇರಿ ಆದ ಮಣ್ಣು.

ಅದೇ ಸಮಯದಲ್ಲಿ ಒಂದು ಕಾಗದಕ್ಕೆ ಗುರುತು ಹಾಕಿಸಿಕೊಂಡರು. ವರ್ಷಕ್ಕೆ 50 ಪೌಂಡು. ಅವಧಿ 999 ವರ್ಷ. ಅಜ್ಜಿ, ಒಂಬೈನೂರ ತೊಂಬತ್ತೊಂಬತ್ತು ವರ್ಷ! ‘ರಾಜ’ ಅಂತ ಯಾರ ಕೈಲಿ ಗುರುತು ಹಾಕಿಸಿದರೋ ಅವನಿಗೆ ಇಡೀ ದ್ವೀಪವನ್ನು ಬರೆದುಕೊಡುವ ಅಧಿಕಾರವೇ ಇರಲಿಲ್ಲ. ಬನಾಬಾದಲ್ಲಿ ಪ್ರತಿಯೊಂದು ತುಂಡು ನೆಲಕ್ಕೂ ಒಬ್ಬೊಬ್ಬರು ಒಡೆಯರಿದ್ದರು. ಗಂಡಸರಿಗೆ ಇದ್ದ ಹಾಗೇ ಹೆಂಗಸರಿಗೂ ನೆಲ ಇತ್ತು. ತಾಯಿಯಿಂದ ಮಗಳಿಗೆ ಬರುತ್ತಿತ್ತು.

ಅಗೆಯುವುದು ಶುರುವಾಯಿತು. 1920ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರು ಸರ್ಕಾರಗಳೂ ಸೇರಿ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಅಂತ ಮಾಡಿಕೊಂಡು ಗಣಿಯನ್ನು ತಾವೇ ತೆಗೆದುಕೊಂಡವು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಮಣ್ಣಿಗೆ ರಂಜಕ ಕಡಿಮೆ. ಅಲ್ಲಿನ ಗೋಧಿಗೆ, ಕುರಿ ದನ ಮೇಯುವ ಹುಲ್ಲಿಗೆ ಈ ಮಣ್ಣು ಬೇಕಿತ್ತು. ಹೊತ್ತು ಹೊತ್ತು ಹಡಗು ತುಂಬಿದರು. ಇನ್ನಷ್ಟು ನೆಲ ಕೊಡುವುದಿಲ್ಲ ಅಂತ ಬುವಾಕೋನಿಕಾಯ್ ಅನ್ನುವ ಹಳ್ಳಿಯವರು ಹಟ ಹಿಡಿದರು. 1928ರಲ್ಲಿ ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಆರ್ಥರ್ ಗ್ರಿಂಬಲ್ ಆ ಹಳ್ಳಿಗೆ ಬೆದರಿಕೆಯ ಪತ್ರ ಬರೆದ. ಒಪ್ಪದಿದ್ದರೆ ನೆಲವೂ ಹೋಗುತ್ತದೆ, ಹಳ್ಳಿಗೂ ಉಳಿವಿಲ್ಲ ಅನ್ನುವ ಅರ್ಥದ ಪತ್ರ. ಕೊನೆಗೆ ನೆಲವನ್ನು ಬಲವಂತವಾಗಿ ತೆಗೆದುಕೊಂಡಾಗ ಹೆಂಗಸರು ಓಡಿ ಹೋಗಿ ತಮ್ಮ ತಮ್ಮ ಮರಗಳನ್ನು ತಬ್ಬಿಕೊಂಡರು.

ಇದನ್ನು ಗೆಳತಿ ಹೇಳುವಾಗ ನನಗೆ ನೀನು ಹೇಳಿದ ಮಾತು ನೆನಪಾಯಿತು. ಲಿಂಗನಮಕ್ಕಿ ಕಟ್ಟುವಾಗ ತೋಟ ಬಿಟ್ಟು ಹೊರಡುವ ದಿನ ನಿಮ್ಮ ಅತ್ತೆ ಹಲಸಿನ ಮರದ ಹತ್ತಿರ ನಿಂತವರು ಗಾಡಿ ಹತ್ತಲು ಬರಲೇ ಇಲ್ಲ ಅಂತ ಹೇಳಿದ್ದೆಯಲ್ಲ. ಕೈ ಹಿಡಿದು ಕರೆದುಕೊಂಡು ಬರಬೇಕಾಯಿತು ಅಂದಿದ್ದೆ.

ಆಮೇಲೆ ಯುದ್ಧ ಬಂತು. 1942ರ ಆಗಸ್ಟಿನಲ್ಲಿ ಜಪಾನಿನವರು ಬನಾಬಾಕ್ಕೆ ಬಂದರು. ಹಸಿವು, ಹೊಡೆತ, ಸಾವು. ಉಳಿದವರನ್ನು ನೌರು, ತರಾವಾ, ಕೊಸ್ರಾಯೆ ದ್ವೀಪಗಳಿಗೆ ದುಡಿಯಲು ಸಾಗಿಸಿದರು. ಕೆಲಸಕ್ಕೆ ಅಂತ ದ್ವೀಪದಲ್ಲೇ ಇಟ್ಟುಕೊಂಡಿದ್ದ ನೂರೈವತ್ತರಷ್ಟು ಗಂಡಸರನ್ನು ಯುದ್ಧದ ಕೊನೆಯಲ್ಲಿ ಸಾಲಾಗಿ ನಿಲ್ಲಿಸಿ ಕೊಂದರು. ಅವರಲ್ಲಿ ಬದುಕಿ ಉಳಿದವನು ಒಬ್ಬನೇ, ಕಬುನಾರೆ ಅಂತ. ಗುಹೆಯಲ್ಲಿ ತಿಂಗಳುಗಟ್ಟಲೆ ಅಡಗಿ ಕೂತು ಆಮೇಲೆ ಹೊರಗೆ ಬಂದ. ಅವನು ಹೇಳದಿದ್ದರೆ ಅದು ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಯುದ್ಧ ಮುಗಿಯಿತು. ಚದುರಿದವರನ್ನೆಲ್ಲ ಒಟ್ಟು ಮಾಡಿದರು. ಊರಿಗೆ ಕರೆದುಕೊಂಡು ಹೋಗುತ್ತಾರೆ ಅಂತ ಅವರು ಕಾದರು. ಆದರೆ ಬ್ರಿಟಿಷರು ಹೇಳಿದ್ದು ಬೇರೆ: ನಿಮ್ಮ ಹಳ್ಳಿಗಳು ಹಾಳಾಗಿವೆ, ಅಲ್ಲಿ ಇರಲು ಆಗುವುದಿಲ್ಲ, ಫಿಜಿಯಲ್ಲಿ ನಿಮಗೊಂದು ದ್ವೀಪ ಇದೆ. ಆ ದ್ವೀಪವೇ ರಂಬಿ. ಅದನ್ನು 1942ರಲ್ಲೇ ಕೊಂಡಿದ್ದರು. ಸೋಪು ಮಾಡುವ ಲಿವರ್ ಕಂಪನಿಯ ತೆಂಗಿನ ತೋಟ ಅದು. ಬೆಲೆ 25,000 ಪೌಂಡು. ಯಾರ ದುಡ್ಡು ಗೊತ್ತಾ ಅಜ್ಜಿ? ಬನಾಬಾದವರದೇ. ಅವರ ಮಣ್ಣು ಮಾರಿ ಬಂದ ರಾಯಲ್ಟಿಯಲ್ಲಿ ಅವರ ಹೆಸರಿಗೆ ಇಟ್ಟಿದ್ದ ಚೂರು ಹಣದಿಂದ. ತಮ್ಮ ಊರಿನಿಂದ ಹೊರಹಾಕಿಸಿಕೊಳ್ಳುವ ಖರ್ಚನ್ನೂ ತಾವೇ ಕೊಟ್ಟ ಹಾಗಾಯಿತು.

1945ರ ಡಿಸೆಂಬರ್ 15. ‘ಟ್ರಿಯೊನಾ’ ಅನ್ನುವ ಹಡಗಿನಲ್ಲಿ 703 ಬನಾಬಾದವರು, ಅವರ ಜೊತೆ ಗಿಲ್ಬರ್ಟ್ ದ್ವೀಪಗಳ (ಈಗಿನ ಕಿರಿಬಾಸ್) ಸುಮಾರು 300 ಜನ ರಂಬಿಯಲ್ಲಿ ಇಳಿದರು. ಅಲ್ಲಿ ಮನೆಗಳಿರಲಿಲ್ಲ, ಸೈನ್ಯದ ಟೆಂಟುಗಳಿದ್ದವು. ಎರಡು ತಿಂಗಳ ರೇಷನ್ ಇತ್ತು. ಬಿರುಗಾಳಿ ಮಳೆಯ ಕಾಲ. ಭೂಮಧ್ಯರೇಖೆಯ ಬಿಸಿಲಿನಲ್ಲಿ ಬೆಳೆದವರಿಗೆ ಇಲ್ಲಿನ ಚಳಿ, ಕೆಸರು ತಡೆಯಲಿಲ್ಲ. ಮುದುಕರು, ಮಕ್ಕಳು ನ್ಯುಮೋನಿಯಾದಲ್ಲಿ ಹೋದರು.

ಗೆಳತಿಯ ಅಜ್ಜಿ ಆ ಹಡಗಿನಲ್ಲಿ ಬಂದವರು. ಆಗ ಐದು ವರ್ಷ. ಈಗ ನಿನಗಿಂತ ಸ್ವಲ್ಪ ದೊಡ್ಡವರು. ತೆಳ್ಳಗೆ, ಬೆಳ್ಳಿ ಕೂದಲು, ಬಾಯಿ ತುಂಬಾ ನಗು. ಚಾಪೆ ಹೆಣೆಯುತ್ತಾ ಮಾತಾಡುತ್ತಾರೆ. ಗೆಳತಿ ಪಕ್ಕದಲ್ಲಿ ಕೂತು ಇಂಗ್ಲಿಷಿಗೆ ಹೇಳುತ್ತಿದ್ದಳು. ಅವರಿಗೆ ನೆನಪಿರುವುದು ಟೆಂಟಿನ ಮೇಲೆ ಬೀಳುವ ಮಳೆಯ ಸದ್ದು, ಮತ್ತು ಹಸು. ಕಂಪನಿಯ ತೋಟದಲ್ಲಿ ದನಗಳನ್ನು ಬಿಟ್ಟುಹೋಗಿದ್ದರಂತೆ. ಈ ಮಕ್ಕಳು ಹುಟ್ಟಿದಾಗಿನಿಂದ ಹಸು ನೋಡಿರಲಿಲ್ಲ. ರಾತ್ರಿ ಅದು ಕೂಗಿದಾಗ ಭೂತ ಅಂತ ಅಮ್ಮನನ್ನು ತಬ್ಬಿಕೊಂಡು ಅಳುತ್ತಿದ್ದರಂತೆ. ನಾನು ನಮ್ಮ ಗೌರಿಯ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಕೊಟ್ಟಿಗೆಯಲ್ಲಿ ಕರುವಿನ ಜೊತೆ ನಿಂತಿರುವ ಫೋಟೋ. ತುಂಬಾ ಹೊತ್ತು ನೋಡಿ, "ಈಗ ಹೆದರಿಕೆ ಇಲ್ಲ" ಅಂದರು.

ಎರಡು ವರ್ಷ ಇದ್ದು ನೋಡಿ ಅಂತ ಮೊದಲು ಹೇಳಿದ್ದರು. 1947ರಲ್ಲಿ ವೋಟು ಹಾಕಿ, ಇಲ್ಲೇ ಉಳಿಯುತ್ತೇವೆ, ಆದರೆ ಬನಾಬಾದ ಮೇಲಿನ ನಮ್ಮ ಹಕ್ಕು ಹಾಗೇ ಇರಬೇಕು ಅಂದರು. ಇಲ್ಲಿ ಹೊಸದಾಗಿ ನಾಲ್ಕು ಹಳ್ಳಿ ಕಟ್ಟಿದರು. ಅವಕ್ಕೆ ಇಟ್ಟ ಹೆಸರು ತಬ್ವೆವಾ, ಉಮಾ, ತಬಿಯಾಂಗ್, ಬುವಾಕೋನಿಕಾಯ್. ಬನಾಬಾದಲ್ಲಿದ್ದ ನಾಲ್ಕು ಹಳ್ಳಿಗಳ ಹೆಸರು ಅವೇ.

ಇತ್ತ ಇವರನ್ನು ಇಲ್ಲಿಗೆ ತಂದ ಮೇಲೆ ಅತ್ತ ಗಣಿ ಇನ್ನೂ ಜೋರಾಗಿ ನಡೆಯಿತು. 1979ರವರೆಗೆ ನಡೆಯಿತು. 2 ಕೋಟಿ ಟನ್ನಿಗೂ ಹೆಚ್ಚು ಮಣ್ಣು ಹೋಯಿತು. ದ್ವೀಪದ ಬಹುಪಾಲು ಮೇಲ್ಮಣ್ಣು ಈಗ ಇಲ್ಲ. ಉಳಿದಿರುವುದು ಹಲ್ಲಿನ ಹಾಗೆ ಎದ್ದು ನಿಂತ ಹವಳದ ಕಲ್ಲುಗಳು. ಎಷ್ಟೋ ಬಂಗಬಂಗಗಳೂ ಹಾಳಾದವು. ನಿನ್ನ ಊರು ನೀರಿನ ಕೆಳಗಾದರೂ ಇದೆ ಅಜ್ಜಿ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಡೇನೂರಿನ ಹಳೇ ಅಣೆಕಟ್ಟು ಕಾಣುತ್ತದೆ, ಒಣಗಿದ ಮರದ ಬೊಡ್ಡೆಗಳು ಕಾಣುತ್ತವೆ. ನೀನು ಕೈ ತೋರಿಸಿ "ಅಲ್ಲಿ" ಅನ್ನಬಹುದು. ಇವರ ಮಣ್ಣೇ ಹಡಗು ಹತ್ತಿ ಹೋಗಿ ಯಾರದೋ ಹುಲ್ಲುಗಾವಲಾಗಿದೆ. ಕೈ ತೋರಿಸುವುದಕ್ಕೆ ದಿಕ್ಕೇ ಇಲ್ಲ.

ಸುಮ್ನೆ ಕೂರಲಿಲ್ಲ ಇವರು. ರೋತನ್ ತಿತೊ ಅನ್ನುವ ಹಿರಿಯರ ಮುಂದಾಳತ್ವದಲ್ಲಿ ಲಂಡನ್ನಿಗೆ ಹೋಗಿ ಕೇಸು ಹಾಕಿದರು. 200 ದಿನಕ್ಕೂ ಹೆಚ್ಚು ವಿಚಾರಣೆ ನಡೆಯಿತು. ಜಡ್ಜ್ ರಾಬರ್ಟ್ ಮೆಗಾರಿ ಬನಾಬಾಕ್ಕೇ ಹೋಗಿ ನೋಡಿ ಬಂದರು. 1976ರಲ್ಲಿ ತೀರ್ಪು ಬಂತು. ಸರ್ಕಾರ ಇವರ ಹಿತ ಕಾಯಬೇಕಾಗಿತ್ತು, ಆದರೆ ಅದು ಕೋರ್ಟು ಜಾರಿ ಮಾಡಿಸಬಹುದಾದ ಕಟ್ಟುಪಾಡು ಅಲ್ಲ ಅನ್ನುವುದು ಅದರ ಸಾರ. ಅಗೆದ ಜಾಗದಲ್ಲಿ ಮತ್ತೆ ಮರ ನೆಟ್ಟು ಕೊಡುತ್ತೇವೆ ಅಂತ ಕಂಪನಿ ಹಳೇ ಕಾಗದದಲ್ಲಿ ಬರೆದುಕೊಟ್ಟಿತ್ತು. ಅದು ಮಾತು ಮುರಿದದ್ದು ನಿಜ ಅಂತ ಕೋರ್ಟು ಒಪ್ಪಿತು. ಆದರೂ ಪರಿಹಾರ ಹೆಸರಿಗೆ ಮಾತ್ರ. ಆಮೇಲೆ ಸರ್ಕಾರಗಳು ತಾವಾಗಿ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡುತ್ತೇವೆ ಅಂದವು. ತಪ್ಪೊಪ್ಪಿಗೆ ಅಲ್ಲ, ಔದಾರ್ಯ ಅಂತ. ಇವರು ನಾಲ್ಕು ವರ್ಷ ಅದನ್ನು ಮುಟ್ಟಲಿಲ್ಲ. 1981ರಲ್ಲಿ ತೆಗೆದುಕೊಂಡರು.

ಇದೆಲ್ಲ ಕೇಳುವಾಗ ಹಕ್ಕುಪತ್ರಕ್ಕಾಗಿ ಅಪ್ಪ ಫೈಲು ಹಿಡಿದು ಅಲೆಯುವುದೇ ಕಣ್ಣ ಮುಂದೆ ಬರುತ್ತಿತ್ತು. ಅರುವತ್ತು ವರ್ಷದ ಮೇಲಾಯಿತು. ನಮ್ಮ ಹೊಳೆಯಿಂದ ರಾಜ್ಯಕ್ಕೆಲ್ಲ ದೀಪ ಹತ್ತಿತು. ನಾವು ಉಳುವ ನೆಲ ನಮ್ಮದು ಅಂತ ಹೇಳುವ ಒಂದು ಕಾಗದ ಇನ್ನೂ ಕೈಗೆ ಬಂದಿಲ್ಲ.

ಪೆಸಿಫಿಕ್‌ನಲ್ಲಿ ಬನಾಬಾ ಒಂದೇ ಅಲ್ಲ. 1946ರಲ್ಲಿ ಅಮೆರಿಕದವರು ಅಣುಬಾಂಬಿನ ಪರೀಕ್ಷೆಗೆ ಅಂತ ಬಿಕಿನಿ ದ್ವೀಪದ 167 ಜನರನ್ನು ಎಬ್ಬಿಸಿದರು. ಫ್ರಾನ್ಸಿನವರು ಮೊರುರೋವಾ, ಫಾಂಗತೌಫಾ ಅನ್ನುವ ದ್ವೀಪಗಳಲ್ಲಿ 1996ರವರೆಗೂ ಬಾಂಬು ಸಿಡಿಸಿದರು. ನಕ್ಷೆಯಲ್ಲಿ ಚುಕ್ಕಿ ಅಷ್ಟೇ, ಯಾರಿದ್ದಾರೆ ಅಲ್ಲಿ ಅಂತ ದೊಡ್ಡ ದೇಶಗಳು ಅಂದುಕೊಂಡವು. ಇಲ್ಲಿಗೆ ಬರುವ ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಈ ಸಾಗರದಲ್ಲಿ ಖಾಲಿ ಜಾಗ ಅಂತ ಇಲ್ಲ ಅಜ್ಜಿ. ಬಂಡೆ ಬಂಡೆಗೂ ಹೆಸರಿದೆ, ಒಂದೊಂದು ಹೆಸರಿನ ಹಿಂದೆಯೂ ಒಂದು ಮನೆತನ ಇದೆ.

ರಂಬಿಯೂ ಖಾಲಿ ಇರಲಿಲ್ಲ. ಅಲ್ಲೂ ಮೊದಲು ಫಿಜಿಯ ಜನ ಇದ್ದರು. 19ನೇ ಶತಮಾನದ ಯುದ್ಧಗಳಲ್ಲಿ ಅವರನ್ನು ಅಲ್ಲಿಂದ ಹೊರಹಾಕಿದರು, ಆಮೇಲೆ ದ್ವೀಪ ಬಿಳಿಯರ ಕೈಗೆ ಹೋಯಿತು. ಅವರ ವಂಶದವರು ಈಗ ಎದುರಿನ ತವೆಯುನಿ ದ್ವೀಪದಲ್ಲಿದ್ದಾರೆ. ಅವರಿಗೂ ರಂಬಿ ಅಂದರೆ ತಮ್ಮ ಊರೇ. ಇದನ್ನು ಹೇಳಿದವಳೂ ನನ್ನ ಗೆಳತಿಯೇ. ಮುಚ್ಚಿಡಲಿಲ್ಲ ಅವಳು. ನನಗೆ ಅವಳ ಮೇಲೆ ಗೌರವ ಹೆಚ್ಚಾಯಿತು.

15ನೇ ತಾರೀಕು ಊರೆಲ್ಲ ಸೇರಿತ್ತು. ಅವರ ಸಭಾ ಮನೆಗೆ ಮನೆಯಾಬಾ ಅನ್ನುತ್ತಾರೆ. ನಮ್ಮ ‘ಮನೆ’ಗೂ ಅದಕ್ಕೂ ಸಂಬಂಧ ಇಲ್ಲ, ಆದರೂ ಕೇಳಿದಾಗೆಲ್ಲ ಹಿತವಾಗುತ್ತಿತ್ತು. ದೊಡ್ಡ ಮಾಡು, ಸುತ್ತ ಗೋಡೆ ಇಲ್ಲ, ಕೆಳಗೆ ಚಾಪೆ. ಹಿರಿಯರಿಗೆ ಮೊದಲು ಊಟ. ಮೀನು, ಅಕ್ಕಿ ಅನ್ನ, ಮರಗೆಣಸು, ತೆಂಗಿನಹಾಲಿನಲ್ಲಿ ಬೇಯಿಸಿದ ಸೊಪ್ಪು. ನನಗೆ ಅಂತ ಸೊಪ್ಪು, ಗೆಣಸು ಬೇರೆ ತೆಗೆದಿಟ್ಟಿದ್ದರು. ತೆಂಗಿನ ಹೊಂಬಾಳೆಯಿಂದ ಇಳಿಸಿದ ಸಿಹಿ ನೀರಾ ಕೊಟ್ಟರು, ಅದಕ್ಕೆ ಕರೇವೆ ಅನ್ನುತ್ತಾರೆ. ಕಾಸಿದರೆ ಬೆಲ್ಲದ ಪಾಕದ ಹಾಗೆ ಆಗುತ್ತದೆ. ಅಮ್ಮ, ನಮ್ಮ ಜೋನಿ ಬೆಲ್ಲದ ರುಚಿಗೆ ತುಂಬಾ ಹತ್ತಿರ.

ಆಮೇಲೆ ಕುಣಿತ. ತೋಳು ಚಾಚಿ, ಕುತ್ತಿಗೆಯನ್ನು ಥಟ್ಟನೆ ತಿರುಗಿಸಿ ಕುಣಿಯುತ್ತಾರೆ, ಕಡಲಹಕ್ಕಿಯ ಹಾಗೆ. ಬನಾಬಾದವರಿಗೆ ಆ ಹಕ್ಕಿ ಹಿಡಿದು ಸಾಕುವುದು ದೊಡ್ಡ ಹೆಮ್ಮೆಯ ಆಟವಾಗಿತ್ತಂತೆ. ಹಾಡುವವರು ಪೆಟ್ಟಿಗೆಯೊಂದನ್ನು ಅಂಗೈಯಿಂದ ಬಡಿಯುತ್ತಾರೆ, ಆ ಸದ್ದು ಎದೆಗೇ ಬಂದು ತಾಗುತ್ತದೆ. ಅವರ ಕಥೆಯನ್ನೆಲ್ಲ ಕುಣಿದೇ ತೋರಿಸಿದರು. ಹಡಗು ಬಂದದ್ದು, ಮಣ್ಣು ಅಗೆದದ್ದು, ಯುದ್ಧ, ಕೊನೆಗೆ ರಂಬಿಯ ದಡ. ನಮ್ಮ ಕಡೆ ರಾತ್ರಿಯಿಡೀ ಯಕ್ಷಗಾನದಲ್ಲಿ ಮಹಾಭಾರತ ಆಡಿದ ಹಾಗೆ, ಇವರು ತಮ್ಮ ಅಜ್ಜ ಅಜ್ಜಿಯರ ಬದುಕನ್ನು ಆಡುತ್ತಾರೆ. ಹತ್ತು ಹನ್ನೆರಡು ವರ್ಷದ ಮಕ್ಕಳಿಗೂ ಪೂರ್ತಿ ಬಾಯಿಪಾಠ. ಬನಾಬಾವನ್ನು ಕಣ್ಣಲ್ಲಿ ನೋಡದ ಮಕ್ಕಳು.

ಈಗಲೂ ಅಲ್ಲಿ ಸುಮಾರು 300 ಜನ ಇದ್ದಾರೆ. ರಂಬಿಯಿಂದ ಅಲ್ಲಿಗೆ ಹೋಗಿ ನೆಲೆ ನಿಂತವರು, ಊರು ಕಾಯುವುದಕ್ಕೆ. ದ್ವೀಪ ಈಗ ಕಿರಿಬಾಸ್ ದೇಶಕ್ಕೆ ಸೇರಿದೆ. ಫಿಜಿಯಲ್ಲಿದ್ದರೂ ಇವರಿಗೆ ಆ ದೇಶದ ಪಾರ್ಲಿಮೆಂಟಿನಲ್ಲಿ ಸೀಟು ಇದೆ. ಗೆಳತಿಯ ಅಜ್ಜಿ ಮಾತ್ರ ಮತ್ತೆ ಹೋಗಲೇ ಇಲ್ಲ.

ಹೊರಡುವ ಹಿಂದಿನ ರಾತ್ರಿ ಅವರ ಹತ್ತಿರ ನಿನ್ನ ವಿಷಯ ಹೇಳಿದೆ. ನಮ್ಮಜ್ಜಿಯ ಊರೂ ಈಗ ಇಲ್ಲ, ನೀರಿನಡಿ ಇದೆ ಅಂದೆ. ಅವರು ಚಾಪೆ ಹೆಣೆಯುವುದು ನಿಲ್ಲಿಸಿದರು. ತಮ್ಮ ಅಮ್ಮನ ನೆಲದ ತುಂಡುಗಳ ಹೆಸರು ಒಂದೊಂದಾಗಿ ಹೇಳಿದರು, ಬೆರಳು ಮಡಚುತ್ತಾ. ಏಳು ಹೆಸರು. ಒಂದೊಂದರಲ್ಲಿ ಯಾವ ಮರ ಇತ್ತು, ಪಕ್ಕದವರು ಯಾರು, ನೀರಿನ ಗುಹೆಗೆ ಯಾವ ಕಡೆಯಿಂದ ಇಳಿಯಬೇಕು, ಎಲ್ಲ ಹೇಳಿದರು. ಐದು ವರ್ಷಕ್ಕೂ ಮೊದಲೇ ಬಿಟ್ಟುಬಂದ ಊರು. ಅದು ಅವರ ಅಮ್ಮ ಟೆಂಟಿನಲ್ಲಿ ಮಲಗಿಸುವಾಗ ಬಾಯಿಪಾಠ ಮಾಡಿಸಿದ್ದಂತೆ. ಆಮೇಲೆ ನನ್ನನ್ನು ಕೇಳಿದರು, "ನಿನ್ನ ಅಜ್ಜಿಯ ಗದ್ದೆಗಳ ಹೆಸರೇನು?"

ನನಗೆ ಗೊತ್ತಿರಲಿಲ್ಲ ಅಜ್ಜಿ. ‘ಹೊಳೆಬದಿ ಗದ್ದೆ’ ಅಂತ ನೀನು ಒಂದೆರಡು ಸಲ ಹೇಳಿದ್ದು ಬಿಟ್ಟರೆ ಒಂದೂ ನೆನಪಿಗೆ ಬರಲಿಲ್ಲ. ನೀನು ಹೇಳುತ್ತಿದ್ದೆ, ನಾನು ಟಿವಿ ನೋಡುತ್ತಿದ್ದೆ. ಅವರು ಏನೂ ಅನ್ನಲಿಲ್ಲ. "ಕೇಳಿಕೊಂಡು ಬಂದು ನನಗೆ ಹೇಳು" ಅಂದರು, ಅಷ್ಟೇ.

ಅದಕ್ಕೇ ಒಂದು ಕೆಲಸ ಮಾಡಿ. ಅಪ್ಪ, ನೀವು ಒಂದು ನೋಟ್‌ಬುಕ್ ತೆಗೆದುಕೊಂಡು ಅಜ್ಜಿಯ ಹತ್ತಿರ ಕೂತುಕೊಳ್ಳಿ. ಗದ್ದೆ, ತೋಟ, ಬ್ಯಾಣ, ಹಳ್ಳ, ಬಾವಿ, ದೇವರ ಬನ, ಎಲ್ಲದರ ಹೆಸರೂ ಬರೆಯಿರಿ. ಯಾವುದರ ಪಕ್ಕ ಯಾವುದು, ಯಾರ ಮನೆ ಎಲ್ಲಿತ್ತು, ಆ ಹಲಸಿನ ಮರ ಎಲ್ಲಿತ್ತು. ಅಜ್ಜಿಗೆ ಸುಸ್ತಾದರೆ ನಿಲ್ಲಿಸಿ, ಮಾರನೇ ದಿನ ಬರೆಯಿರಿ. ಅವಳು ಹೇಳುವಾಗ ಮೊಬೈಲಿನಲ್ಲಿ ರೆಕಾರ್ಡ್ ಕೂಡ ಮಾಡಿ, ಅವಳ ದನಿಯಲ್ಲೇ ಇರಲಿ. ಬರೆದ ಹಾಳೆಗಳ ಫೋಟೋ ತೆಗೆದು ನನಗೆ ಕಳಿಸಿ.

ಮಾರ್ಚಿನಲ್ಲಿ ಟ್ಯಾಂಕಿನ ಕೆಲಸಕ್ಕೆ ಮತ್ತೆ ರಂಬಿಗೆ ಹೋಗುವುದಿದೆ. ಅಷ್ಟರೊಳಗೆ ಬಂದರೆ ಸಾಕು.

ಅಮ್ಮ, ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳುವುದು ಬಿಡಬೇಡ. ಅಜ್ಜಿ, ನಿನಗೆ ಅಂತ ಆ ಅಜ್ಜಿ ಒಂದು ಪುಟ್ಟ ಚಾಪೆ ಕೊಟ್ಟಿದ್ದಾರೆ. ಬರುವಾಗ ತರುತ್ತೇನೆ.

ನಿಮ್ಮ ಮಗಳು